ಮಾಗ್ಮಾ ಬ್ಯಾಂಡ್ ಕೇಳಿದವರು ಯಾರಾದರೂ ಇದ್ದೀರಾ? ಅದು ಯಾವ ಭಾಷೆ, ಎಲ್ಲಿಂದ ಶುರು ಮಾಡಲಿ?

ಕ್ಯಾತ್ಸಂದ್ರ ಲೋಕಲ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ಮನೆ ಕ್ಯಾತ್ಸಂದ್ರದಲ್ಲಿ. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಹಾಡು ಕೇಳೋದು ಅಂದರೆ ರೈಲಿನಲ್ಲೇ, ಮನೆಯಲ್ಲಿ ಟೈಮ್ ಸಿಗುವುದಿಲ್ಲ.

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ಒಂದು ಆಲ್ಬಂ ಕಳಿಸಿದ. ಕೇಳಿದರೆ ಪೂರ್ತಿ ಕೇಳು, ಮಧ್ಯದಲ್ಲಿ ನಿಲ್ಲಿಸಬೇಡ ಅಂದ. ಫ್ರಾನ್ಸಿನ ಬ್ಯಾಂಡ್, ಹೆಸರು ಮಾಗ್ಮಾ. ಆಲ್ಬಂ 1973ರದ್ದು, 'ಮೆಕಾನಿಕ್ ಡಿಸ್ಟ್ರುಕ್ಟಿವ್ ಕೊಮಾಂಡೋ'. ಹೆಸರು ಓದಿ ಹೆವಿ ಮೆಟಲ್ ಇರಬೇಕು ಅಂದುಕೊಂಡೆ. ಅಲ್ಲ. ಶುರುವಿನಲ್ಲೇ ಪಿಯಾನೋ ಮತ್ತು ಡ್ರಮ್ಸ್ ಒಟ್ಟಿಗೆ ಕವಾಯತಿನ ಹೆಜ್ಜೆ ಹಾಕಿದ ಹಾಗೆ ಬರುತ್ತದೆ, ಅದರ ಮೇಲೆ ಒಬ್ಬ ಗಂಡಸು ಗದರಿಸುವ ಹಾಗೆ ಹಾಡುತ್ತಾನೆ, ಹಿಂದೆ ಹೆಂಗಸರ ಗುಂಪು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಹಿರೇಹಳ್ಳಿ ದಾಟುವಾಗ ತೆಗೆದುಬಿಡೋಣ ಅನಿಸಿತು. ಮಾತು ಕೊಟ್ಟಿದ್ದೆನಲ್ಲ, ಹಾಗೇ ಬಿಟ್ಟೆ. ನಿಡವಂದ ಆದಮೇಲೆ ನೋಡುತ್ತೇನೆ, ನನ್ನ ಬೆರಳು ಟಿಫಿನ್ ಬಾಕ್ಸ್ ಮೇಲೆ ತಾಳ ಹಾಕುತ್ತಿದೆ. ಆದರೆ ತಾಳ ಸಿಗುತ್ತಿಲ್ಲ. ನಾಲ್ಕು ಅಂದುಕೊಂಡು ತಟ್ಟುತ್ತಾ ಹೋದರೆ ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ, ಮತ್ತೆ ಹಿಡಿಯಬೇಕು, ಮತ್ತೆ ತಪ್ಪುತ್ತದೆ. ಚಿಕ್ಕಬಾಣಾವರ ಬರುವ ಹೊತ್ತಿಗೆ ಆಲ್ಬಂ ಮುಗಿದಿತ್ತು. ನಾನು ಮತ್ತೆ ಮೊದಲಿಂದ ಹಾಕಿದೆ.

ಆಮೇಲೆ ಒಂದು ತಿಂಗಳಿಂದ ದಿನಾ ಅದೇ. ಈಗ ನನಗೆ ಮೂರು ವಿಷಯ ತಿಳಿಯಬೇಕು. ಒಂದು, ಆ ಭಾಷೆ ಫ್ರೆಂಚ್ ಅಲ್ಲ, ಜರ್ಮನ್ನೂ ಅಲ್ಲ ಅಂತ ಗೆಳೆಯ ಹೇಳುತ್ತಾನೆ, ಹಾಗಾದರೆ ಏನು? ಎರಡು, ಇದನ್ನ ಜಾಝ್ ರಾಕ್ ಅಂತಾರೆ, ಇದರಲ್ಲಿ ಜಾಝ್ ಎಲ್ಲಿದೆ? ಸ್ಯಾಕ್ಸೊಫೋನ್ ಒಬ್ಬನೇ ನಿಂತು ಊದುವುದು ಎಲ್ಲೂ ಬರಲಿಲ್ಲ. ಮೂರು, ಇವರ ಆಲ್ಬಂಗಳು ತುಂಬಾ ಇವೆ, ಯಾವ ಕ್ರಮದಲ್ಲಿ ಕೇಳಲಿ? ಒಂದೂ ಅರ್ಥ ಆಗದ ಮಾತು ಇಷ್ಟು ಹಿಡಿದುಕೊಳ್ಳುವುದು ಹೇಗೆ ಅಂತ ನಿಜವಾಗಲೂ ತಿಳಿಯಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ, ಉದ್ದ ಆದರೂ ಪರವಾಗಿಲ್ಲ.

ರಾಬರ್ಟ್‌ಸನ್‌ಪೇಟೆ ಕ್ಯಾಸೆಟ್:

ತಮ್ಮಾ, ನೀನು ಉದ್ದ ಆದರೂ ಪರವಾಗಿಲ್ಲ ಅಂದಿದ್ದೀಯ, ಹಾಗಾಗಿ ಬರೆಯುತ್ತೇನೆ. ನಾನು ಕೆಜಿಎಫ್‌ನವನು. ನಮ್ಮ ಬೀದಿಯ ಆಂಗ್ಲೋ ಇಂಡಿಯನ್ ಮನೆಯೊಂದರಲ್ಲಿ ರೆಕಾರ್ಡ್‌ಗಳು ರಾಶಿ ಇದ್ದವು. ಅವರು ಊರು ಬಿಡುವ ಮೊದಲು ನನಗೆ ಒಂದಷ್ಟು ಕ್ಯಾಸೆಟ್‌ಗೆ ಇಳಿಸಿಕೊಟ್ಟರು. ಅದರಲ್ಲೊಂದು ಮಾಗ್ಮಾದ 1975ರ ಲೈವ್ ಆಲ್ಬಂ. ಎರಡು ರೆಕಾರ್ಡ್‌ಗಳ ಸೆಟ್ ಅದು. ಮೊದಲ ಬದಿ ಮುಗಿಯುವಾಗ ಹಾಡು ಅರ್ಧಕ್ಕೇ ಕಟ್ ಆಗುತ್ತಿತ್ತು. ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಆ ಹಾಡು ನನ್ನ ತಲೆಯೊಳಗೆ ಮುಂದುವರಿಯುತ್ತಿತ್ತು. ಇವತ್ತಿಗೂ ಪೂರ್ತಿ ರೆಕಾರ್ಡ್ ಕೇಳುವಾಗ ಆ ಜಾಗದಲ್ಲಿ ಕೈ ತಾನೇ ಮೇಲೇಳುತ್ತದೆ.

ನಿನ್ನ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ಈ ಬ್ಯಾಂಡ್ ಅಂದರೆ ಕ್ರಿಸ್ತ್ಯಾನ್ ವಾಂಡೇರ್. 1948ರಲ್ಲಿ ಹುಟ್ಟಿದವರು, ಡ್ರಮ್ಮರ್, ಹಾಡುಗಾರ, ಹೆಚ್ಚಿನ ಸಂಗೀತ ಬರೆದವರೂ ಅವರೇ. ಸಾಕಿದ ತಂದೆ ಮೋರಿಸ್ ವಾಂಡೇರ್ ಹೆಸರು ಮಾಡಿದ ಜಾಝ್ ಪಿಯಾನೋ ವಾದಕರು. ಹುಡುಗ ಜಾಝ್ ಒಳಗೇ ಬೆಳೆದ. ಅವನಿಗೆ ದೇವರು ಅಂದರೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್, ಗುರು ಅಂದರೆ ಕೋಲ್ಟ್ರೇನ್ ಜೊತೆ ಡ್ರಮ್ಸ್ ನುಡಿಸುತ್ತಿದ್ದ ಎಲ್ವಿನ್ ಜೋನ್ಸ್. 1967ರ ಜುಲೈನಲ್ಲಿ ಕೋಲ್ಟ್ರೇನ್ ನಲವತ್ತನೇ ವಯಸ್ಸಿಗೇ ತೀರಿಕೊಂಡರು. ವಾಂಡೇರ್ ಕುಸಿದುಹೋದರು. ಪ್ಯಾರಿಸ್ ಬಿಟ್ಟು ಇಟಲಿಗೆ ಹೋಗಿ ಸುಮಾರು ಎರಡು ವರ್ಷ ಅಲ್ಲೇ ಅಲೆದರು. ವಾಪಸ್ ಬಂದು 1969ರಲ್ಲಿ ಕಟ್ಟಿದ್ದು ಮಾಗ್ಮಾ. ಅಂದರೆ ಜಾಝ್ ಇದರಲ್ಲಿ ಎಲ್ಲಿದೆ ಅಂದರೆ ಬುಡದಲ್ಲಿದೆ. ವಾಂಡೇರ್ ಕೋಲ್ಟ್ರೇನ್ ಹಾಗೆ ಊದೋಕೆ ಹೋಗಲಿಲ್ಲ. ಕೋಲ್ಟ್ರೇನ್ ಒಂದು ಸ್ವರದ ಮೇಲೆ ನಿಂತು ಪ್ರಾರ್ಥನೆ ಮಾಡಿದ ಹಾಗೆ ನುಡಿಸುತ್ತಿದ್ದರಲ್ಲ, ಆ ಬಿಸಿಯನ್ನು ಉಳಿಸಿಕೊಂಡು ಅದಕ್ಕೆ ಯುರೋಪಿನ ದೊಡ್ಡ ಕೋರಸ್ ಸೇರಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರೆದ ಕಾರ್ಲ್ ಓರ್ಫ್, ಸ್ಟ್ರಾವಿನ್‌ಸ್ಕಿ ಕೇಳಿದ್ದರೆ ನಿನಗೆ ಥಟ್ಟನೆ ಗೊತ್ತಾಗುತ್ತದೆ.

ಭಾಷೆಯ ಹೆಸರು ಕೋಬಾಯನ್. ವಾಂಡೇರ್ ತಾವೇ ಕಟ್ಟಿದ ಭಾಷೆ. ತಮ್ಮ ಸಂಗೀತಕ್ಕೆ ಫ್ರೆಂಚ್ ಸಾಲದು, ಅದರ ಉಚ್ಚಾರ ತೀರಾ ಮೆತ್ತಗಾಯಿತು ಅಂತ ಅವರ ಅಭಿಪ್ರಾಯ. 1970ರಲ್ಲಿ ಬಂದ ಮೊದಲ ಆಲ್ಬಂ, ಎರಡು ರೆಕಾರ್ಡ್‌ನದ್ದು, ಅದರಲ್ಲಿ ಕಥೆ ಹೀಗೆ: ಭೂಮಿ ಹಾಳಾಗುತ್ತಿದೆ, ಒಂದಷ್ಟು ಜನ ಅದನ್ನು ಬಿಟ್ಟು ಕೋಬಾಯಾ ಅನ್ನೋ ಗ್ರಹಕ್ಕೆ ಹೋಗಿ ನೆಲೆಸುತ್ತಾರೆ. ಮುಂದೆ ಬಂದದ್ದೆಲ್ಲ ಈ ಪುರಾಣದ ಬೇರೆ ಬೇರೆ ಕಾಂಡಗಳು. ಅವರೇ ಈ ಸಂಗೀತಕ್ಕೆ 'ಝೋಲ್' ಅಂತ ಹೆಸರಿಟ್ಟರು, ಆಕಾಶದ್ದು, ದೇವಲೋಕದ್ದು ಅನ್ನೋ ಅರ್ಥ ಬರುತ್ತದೆ. ಈಗ ಅದು ಒಂದು ಸಂಗೀತದ ಜಾತಿಯ ಹೆಸರೇ ಆಗಿದೆ. ಜಪಾನಿನಲ್ಲಿ ರೂಯಿನ್ಸ್, ಕೋಯೆಂಜಿ ಹ್ಯಾಕ್ಕೇ ಅಂತ ಬ್ಯಾಂಡ್‌ಗಳಿವೆ, ಕೇಳಿದ ತಕ್ಷಣ ಮಾಗ್ಮಾದ ಮಕ್ಕಳು ಅಂತ ಗೊತ್ತಾಗುತ್ತದೆ.

1971ರ ಎರಡನೇ ಆಲ್ಬಂನಲ್ಲಿ ಇನ್ನೂ ಜಾಝ್ ಬ್ಯಾಂಡಿನ ವಾಸನೆ ಜಾಸ್ತಿ, ಒಂದು ಬದಿ ಪೂರ್ತಿ ವಾಂಡೇರ್‌ದು, ಇನ್ನೊಂದು ಬದಿ ಬೇರೆಯವರು ಬರೆದದ್ದು. ಆಮೇಲೆ ಹಳಬರು ಹೊರಟರು, ಬಾಸ್ ನುಡಿಸೋಕೆ ಯಾನಿಕ್ ಟಾಪ್ ಬಂದರು. ಇದನ್ನ ಗಮನಿಸು. ಟಾಪ್ ಚೆಲ್ಲೋ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ಕಲಿತವರು, ಬಾಸ್ ಗಿಟಾರಿನ ತಂತಿಗಳನ್ನೂ ಚೆಲ್ಲೋ ಥರ ಶ್ರುತಿ ಮಾಡುತ್ತಿದ್ದರು. ಮಾಮೂಲಿ ಬಾಸ್‌ಗಿಂತ ಕೆಳಗಿನ ಸ್ವರ ಸಿಗುತ್ತದೆ. ನೀನು ಕೇಳುತ್ತಿರೋ ಆಲ್ಬಂನಲ್ಲಿ ನೆಲ ಗುಡುಗಿದ ಹಾಗೆ ಬರುತ್ತಲ್ಲ, ಅದು ಅವರೇ. 1976ರ ಆಲ್ಬಂನಲ್ಲಿ 'ಡೆ ಫುತುರಾ' ಅಂತ ಸುಮಾರು 18 ನಿಮಿಷದ್ದೊಂದಿದೆ, ಟಾಪ್ ಬರೆದದ್ದು. ಅದನ್ನು ಇಯರ್‌ಫೋನಿನಲ್ಲಿ ಕೇಳಬೇಡ. ದೊಡ್ಡ ಸ್ಪೀಕರ್ ಇರುವವರ ಮನೆಗೆ ಹೋಗಿ ಕೇಳು.

ನನ್ನ ಲೈವ್ ಕ್ಯಾಸೆಟ್‌ನಲ್ಲಿ ಪಿಟೀಲು ನುಡಿಸಿದ್ದು ದಿದಿಯೇ ಲಾಕ್‌ವುಡ್. ಬ್ಯಾಂಡ್ ಸೇರಿದಾಗ ಅವನಿಗೆ ಹದಿನೆಂಟರ ಆಸುಪಾಸು. ಮುಂದೆ ಫ್ರಾನ್ಸಿನ ದೊಡ್ಡ ಜಾಝ್ ಪಿಟೀಲು ವಾದಕ ಆದ, 2018ರಲ್ಲಿ ತೀರಿಕೊಂಡ. ಆ ಕೊನೆಯ ಸೋಲೋದಲ್ಲಿ ಹಿಂದೆ ವಾಂಡೇರ್ ಹುಡುಗನನ್ನು ಬಿಡುವುದೇ ಇಲ್ಲ, ಇನ್ನೂ ಹೋಗು ಇನ್ನೂ ಹೋಗು ಅಂತ ತಳ್ಳುತ್ತಲೇ ಇರುತ್ತಾರೆ. ಜಾಝ್ ಎಲ್ಲಿದೆ ಅಂತ ಕೇಳಿದೆಯಲ್ಲ, ಅದನ್ನ ಕೇಳು.

ಗೌರಿಬಿದನೂರು 561208:

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದೊಂದು ಬೇರೆ ಮಾತು. ಆ 1973ರ ಆಲ್ಬಂ ನನಗೆ ಎರಡು ಸಲ ಕೇಳೋಕಾಗಲಿಲ್ಲ. ಕಪ್ಪು ಬಟ್ಟೆ, ಎದೆ ಮೇಲೆ ಉಗುರಿನ ಥರದ ಗುರುತು, ಅಪ್ಪಣೆ ಕೊಟ್ಟ ಹಾಗೆ ಕೂಗುವ ಕೋರಸ್, ಇದೆಲ್ಲ ನನಗೆ ಭಯ ತರಿಸುತ್ತದೆ. ಆ ಕಾಲದಲ್ಲೂ ಸುಮಾರು ಜನಕ್ಕೆ ಹಾಗೇ ಅನಿಸಿತ್ತು. ನನಗೆ ಹಿಡಿಸಿದ್ದು 1978ರ 'ಅಟಾಕ್' ಮಾತ್ರ. ಚಿಕ್ಕ ಚಿಕ್ಕ ಹಾಡು, ಅಮೆರಿಕದ ಸೋಲ್ ಸಂಗೀತದ ಬೀಸು ಇದೆ, ವಾಂಡೇರ್ ದನಿಯಲ್ಲಿ ಖುಷಿ ಇದೆ. ಅದರ ಮುಖಪುಟ ಮಾಡಿದ್ದು ಎಚ್. ಆರ್. ಗೀಗರ್, ಮುಂದಿನ ವರ್ಷ ಬಂದ 'ಏಲಿಯನ್' ಸಿನಿಮಾದ ಪ್ರಾಣಿಯನ್ನು ರೂಪಿಸಿದವರು. ಕ್ಯಾತ್ಸಂದ್ರದವರೇ, ಭಾರ ಅನಿಸಿದರೆ ಅಲ್ಲಿಗೆ ಹೋಗಿ.

ಚಿಂತಾಮಣಿ ಲಯ:

ಟಿಫಿನ್ ಬಾಕ್ಸ್ ಮೇಲೆ ಕೈ ತಪ್ಪಿದ್ದು ಓದಿ ತುಂಬಾ ಖುಷಿ ಆಯಿತು. ನಾನು ಮೃದಂಗ ಕಲಿತವನು. ನನ್ನ ಸಲಹೆ, ಮೊದಲು ಅರ್ಥದ ಚಿಂತೆ ಬಿಡಿ. ನಮ್ಮಲ್ಲಿ ಕೊನ್ನಕ್ಕೋಲು ಹೇಳುವಾಗ ತಕಿಟ, ತಕಧಿಮಿ, ತದಿಗಿಣತೊಂ ಅಂತೀವಿ. ಏನು ಅರ್ಥ ಅಂತ ಯಾರೂ ಕೇಳುವುದಿಲ್ಲ. ಆದರೆ ಒಳ್ಳೆ ವಿದ್ವಾಂಸರು ಹೇಳಿದರೆ ಸಭೆ ಪೂರ್ತಿ ತಲೆದೂಗುತ್ತದೆ. ಯಾಕೆಂದರೆ ಆ ಅಕ್ಷರಗಳಿಗೆ ತೂಕ ಇದೆ. 'ತ' ಬಡಿಯುತ್ತದೆ, 'ಧಿ' ಗುಂಯ್ ಅನ್ನುತ್ತದೆ, 'ಕಿಟ' ಓಡುತ್ತದೆ. ಕೋಬಾಯನ್ ಕೇಳುವಾಗಲೂ ನನಗೆ ಹಾಗೇ ಆಯಿತು. ಅದನ್ನ ಕಟ್ಟಿದ್ದು ಒಬ್ಬ ಡ್ರಮ್ಮರ್ ಅಲ್ವಾ? ಬಾಯಲ್ಲಿ ಡ್ರಮ್ಸ್ ನುಡಿಸಿದ ಹಾಗೇ ಇದೆ.

ಎಣಿಸುವ ರೀತಿ ಹೇಳುತ್ತೇನೆ. ನಾಲ್ಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ತಟ್ಟಬೇಡಿ, ಡ್ರಮ್ಸ್ ಹಿಂದೆಯೂ ಹೋಗಬೇಡಿ, ವಾಂಡೇರ್ ಕೈ ಸುಮ್ನೆ ಒಂದು ಕಡೆ ನಿಲ್ಲುವುದಿಲ್ಲ. ಬಾಸ್ ಹಿಡಿಯಿರಿ. ಬಾಸ್ ಒಂದು ಸಾಲು ಹೇಳಿ ಮತ್ತೆ ಮೊದಲಿಗೆ ಬರುವ ಜಾಗ ಗುರುತು ಮಾಡಿಕೊಳ್ಳಿ. ಅಲ್ಲಿಂದ ಅಲ್ಲಿಗೆ ಬಾಯಲ್ಲಿ ಹೇಳಿ ನೋಡಿ, ತಕಧಿಮಿ ತಕಿಟ ಕೂರುತ್ತದೋ ತಕಿಟ ತಕಿಟ ತಕಧಿಮಿ ಕೂರುತ್ತದೋ ಅಂತ. ಬೆರಳು ಮಡಿಸಿ ಎಣಿಸಿ, ಕಾಲು ಕುಣಿಸಬೇಡಿ. ಎರಡು ದಿನದಲ್ಲಿ ಕೈ ತಪ್ಪುವುದು ನಿಲ್ಲುತ್ತದೆ.

ಇನ್ನೊಂದು ಹೇಳಲೇಬೇಕು. ನಮ್ಮ ಕಡೆ ಜಾತ್ರೆಯಲ್ಲಿ ತಮಟೆ ಶುರುವಾಗುವ ಮುಂಚೆ ನೋಡಿದ್ದೀರಾ? ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮವನ್ನು ಬೆಂಕಿಯ ಮುಂದೆ ತಿರುಗಿಸುತ್ತಾ, ಆಗಾಗ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಮೊದಲು ಮಂದವಾಗಿ ಡಬ್ ಅನ್ನುತ್ತಿದ್ದದ್ದು ಬಿಗಿಯಾಗಿ ಟಣ್ ಅನ್ನುವವರೆಗೆ ಬಿಡುವುದಿಲ್ಲ. ಆಮೇಲೆ ಒಂದೇ ಪೆಟ್ಟನ್ನು ಹಿಡಿದು ವೃತ್ತದಲ್ಲಿ ಸುತ್ತುತ್ತಾ, ಸ್ವಲ್ಪ ಸ್ವಲ್ಪವೇ ವೇಗ ಏರಿಸುತ್ತಾ, ನಿಂತು ನೋಡುವವರ ಎದೆ ಬಡಿತವೂ ಅದಕ್ಕೇ ಸೇರುವ ತನಕ ಹೋಗುತ್ತಾರೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಮಾಗ್ಮಾದ ಉದ್ದದ ಹಾಡುಗಳೂ ಇದೇ ಕೆಲಸ ಮಾಡುತ್ತವೆ. ಹತ್ತು ನಿಮಿಷ ಅವರು ಬರೀ ಕಾಯಿಸುತ್ತಿರುತ್ತಾರೆ. ಬೇಜಾರಾಗಿ ಎದ್ದು ಹೋದವರಿಗೆ ಪೆಟ್ಟು ಸಿಗುವುದಿಲ್ಲ.

ಕೋಲ್ಟ್ರೇನ್ ವಿಷಯ ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅವರು ನಮ್ಮ ಸಂಗೀತವನ್ನು ತುಂಬಾ ಗೌರವದಿಂದ ಕೇಳಿದವರು. 1961ರಲ್ಲೇ 'ಇಂಡಿಯಾ' ಅಂತ ಒಂದು ರಚನೆ ನುಡಿಸಿದ್ದಾರೆ. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರ್ ನೆನಪಿಗೆ ರವಿ ಅಂತ ಹೆಸರಿಟ್ಟರು. ಆ ದಾರಿಯಲ್ಲಿ ನಮ್ಮದೊಂದು ಹನಿ ಪ್ಯಾರಿಸ್‌ವರೆಗೆ ಹೋಗಿದೆ ಅಂತ ನಾನು ನಂಬುತ್ತೇನೆ.

ಗುಬ್ಬಿ ಮೇಷ್ಟ್ರಮ್ಮ:

ಚಿಂತಾಮಣಿಯವರೇ, ತಮಟೆ ಕಾಯಿಸುವ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಕೊನ್ನಕ್ಕೋಲಿನ ಹೋಲಿಕೆ ಒಪ್ಪುವುದಿಲ್ಲ. ತಕಧಿಮಿ ಲೆಕ್ಕದ ಮಾತು. ಕೋಬಾಯನ್ ಹಾಗಲ್ಲ, ಅದರಲ್ಲಿ ಪದಗಳಿಗೆ ಅರ್ಥ ಇದೆ. 'ಟೊಯ್ಸ್ ಹಮ್ಟಾಕ್' ಅಂದರೆ ದ್ವೇಷದ ಕಾಲ. ಅದು ಒಂದು ದೊಡ್ಡ ಮೂರು ಭಾಗದ ಕಥೆಯ ಹೆಸರು, ನೀವೆಲ್ಲ ಮಾತಾಡುತ್ತಿರುವ 1973ರ ಆಲ್ಬಂ ಅದರ ಮೂರನೇ ಭಾಗ. ಎರಡನೇ ಭಾಗ 1974ರಲ್ಲಿ ಬಂತು, 'ಟ್ರಿಸ್ತಾನ್ ಎ ಇಸೋಲ್ಟ್' ಅನ್ನೋ ಸಿನಿಮಾದ ಸಂಗೀತವಾಗಿ. ಮೊದಲ ಭಾಗವನ್ನು ವೇದಿಕೆ ಮೇಲೆ ವರ್ಷಗಟ್ಟಲೆ ನುಡಿಸಿದರು. 1980ರಲ್ಲಿ ಬ್ಯಾಂಡಿಗೆ ಹತ್ತು ವರ್ಷ ತುಂಬಿದ್ದಕ್ಕೆ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ಹಳಬರನ್ನೆಲ್ಲ ಕರೆಸಿ ಕಛೇರಿ ಮಾಡಿದಾಗಲೇ ಅದು ರೆಕಾರ್ಡ್ ಆದದ್ದು.

ಅಂದರೆ ಕಥೆಯನ್ನು ಕೊನೆಯಿಂದ ಹೇಳಿದ್ದಾರೆ. ಇನ್ನೊಂದು ಮೂರು ಭಾಗದ ಕಥೆ ಇದೆ, ಕೊಂಟಾರ್ಕೋಸ್ ಅನ್ನೋ ಮನುಷ್ಯ ಈಜಿಪ್ಟಿನ ಹಳೆಯ ಗುರುವೊಬ್ಬನ ಸಮಾಧಿಯನ್ನು ಕಾಣುವ ಕಥೆ. ಅದರ ನಡುವಿನ ಭಾಗ 1974ರಲ್ಲಿ ಬಂತು. ಮೊದಲ ಭಾಗ 'ಕೆ.ಎ' ಬಂದದ್ದು 2004ರಲ್ಲಿ. ಕೊನೆಯದು 2009ರಲ್ಲಿ. ಮೂವತ್ತೈದು ವರ್ಷ ಒಂದು ಕಥೆಯನ್ನು ಕೈಬಿಡದೆ ಹೊತ್ತುಕೊಂಡಿದ್ದಾರೆ. ನನಗೆ ಇವರ ಮೇಲೆ ಗೌರವ ಬಂದದ್ದು ಇದರಿಂದಲೇ. ನಮ್ಮ ಹರಿಕಥೆ ದಾಸರು ದ್ರೌಪದಿ ವಸ್ತ್ರಾಪಹರಣ ಹೇಳುವಾಗ ಪಗಡೆಯಾಟ ಆಗಿದೆ ಅಂತ ಕೇಳುವವರಿಗೆ ಗೊತ್ತಿರುತ್ತದೆ, ಹಾಗಾಗಿ ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ವಾಂಡೇರ್‌ಗೆ ಆ ಅನುಕೂಲ ಇರಲಿಲ್ಲ. ಯಾರಿಗೂ ಗೊತ್ತಿಲ್ಲದ ಪುರಾಣ, ಯಾರಿಗೂ ಗೊತ್ತಿಲ್ಲದ ಭಾಷೆ. ಆದರೂ ನಡುವಿನಿಂದ ಶುರು ಮಾಡಿದರು, ಜನ ಕೂತು ಕೇಳಿದರು.

ನಾನು ಗುಬ್ಬಿಯವಳು, ಹಾಗಾಗಿ ನನಗೆ ಈ ಬ್ಯಾಂಡ್ ನಾಟಕ ಕಂಪನಿಯ ಹಾಗೇ ಕಾಣುತ್ತದೆ. ನಮ್ಮೂರ ಕಂಪನಿ 1884ರಲ್ಲಿ ಶುರುವಾಯಿತು. ರಾಜ್‌ಕುಮಾರ್, ಜಿ. ವಿ. ಅಯ್ಯರ್, ಬಿ. ವಿ. ಕಾರಂತರು ಎಲ್ಲರೂ ಅಲ್ಲಿ ಅನ್ನ ಉಂಡು ಕೆಲಸ ಕಲಿತು ಹೊರಗೆ ಹೋಗಿ ತಮ್ಮದೇ ದಾರಿ ಮಾಡಿಕೊಂಡವರು. ಮಾಗ್ಮಾದಲ್ಲೂ ಬಂದು ಹೋದವರು ಎಷ್ಟೊಂದು ಜನ. ಫ್ರಾಂಸ್ವಾ ಕಾಹೆನ್ ಮತ್ತು ಯೋಷ್ಕೋ ಸೆಫರ್ ಹೊರಗೆ ಬಂದು 'ಝಾವೋ' ಕಟ್ಟಿದರು. ಬಾಸ್ ನುಡಿಸುತ್ತಿದ್ದ ಬೆರ್ನಾರ್ ಪಗನೊಟ್ಟಿ 'ವೈದೋರ್ಯೆ' ಕಟ್ಟಿದರು. ಅವರ ಮಕ್ಕಳಾದ ಆಂಟ್ವಾನ್ ಮತ್ತು ಹಿಮಿಕೋ ಮುಂದೆ ಮಾಗ್ಮಾಕ್ಕೇ ಬಂದು ಹಾಡಿದರು. ಇಷ್ಟು ವರ್ಷ ಬಿಡದೆ ನಿಂತ ದನಿ ಸ್ಟೆಲ್ಲಾ ವಾಂಡೇರ್ ಅವರದು. ನೀವು ಕೇಳಿದ ಹೆಂಗಸರ ಕೋರಸ್‌ನಲ್ಲಿ ಅವರಿದ್ದಾರೆ. ಆಕೆಯ ಹೆಸರನ್ನು ಇಲ್ಲಿ ಇನ್ನೂ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆದೆ.

ರಾಬರ್ಟ್‌ಸನ್‌ಪೇಟೆ ಕ್ಯಾಸೆಟ್:

ಮೇಡಂ, ಸ್ಟೆಲ್ಲಾ ಹೆಸರು ಬಿಟ್ಟಿದ್ದು ನನ್ನ ತಪ್ಪು. ಸರಿಯಾಗಿ ನೆನಪಿಸಿದಿರಿ.

ತಮ್ಮಾ, ಮುಂದಿನ ಚರಿತ್ರೆ ಬೇಗ ಹೇಳಿಬಿಡುತ್ತೇನೆ. 1984ರ ಹೊತ್ತಿಗೆ ಮಾಗ್ಮಾ ನಿಂತೇಹೋಯಿತು. ವಾಂಡೇರ್ 'ಆಫರಿಂಗ್' ಅಂತ ಇನ್ನೊಂದು ಗುಂಪು ಮಾಡಿಕೊಂಡು ಕೋಲ್ಟ್ರೇನ್ ದಾರಿಗೇ ವಾಪಸ್ ಹೋದರು. ಅಭಿಮಾನಿಗಳು ಮಾತ್ರ ಬಿಡಲಿಲ್ಲ. ಆರು ಸಲ ವಿಶ್ವ ಚಾಂಪಿಯನ್ ಆದ ಸ್ನೂಕರ್ ಆಟಗಾರ ಸ್ಟೀವ್ ಡೇವಿಸ್ ಗೊತ್ತಲ್ಲ, ಅವರು 1988ರಲ್ಲಿ ತಾವೇ ಮುಂದೆ ನಿಂತು ಲಂಡನ್‌ನಲ್ಲಿ ಇವರ ಕಛೇರಿಗಳನ್ನು ಏರ್ಪಡಿಸಿದ್ದರು. 1996ರಲ್ಲಿ ಮಾಗ್ಮಾ ಮತ್ತೆ ಎದ್ದಿತು. ಹೊಸ ಹುಡುಗರು ಬಂದರು, ಹಳೆಯ ರಚನೆಗಳನ್ನು ಮೊದಲಿಗಿಂತ ಚೊಕ್ಕವಾಗಿ ನುಡಿಸಿದರು. 2019ರ 'ಝೆಸ್'ನಲ್ಲಿ ಪ್ರಾಗ್‌ನ ಆರ್ಕೆಸ್ಟ್ರಾ ಇದೆ. ಅದರಲ್ಲಿ ವಾಂಡೇರ್ ಡ್ರಮ್ಸ್ ಮುಟ್ಟಿಲ್ಲ, ಬೇರೆಯವರ ಕೈಗೆ ಕೊಟ್ಟು ತಾವು ಹಾಡಿದ್ದಾರೆ. 2022ರಲ್ಲಿ 'ಕಾರ್ಟೆಲ್' ಬಂತು.

ಕ್ರಮ ಕೇಳಿದ್ದೀಯ. ಬಿಡುಗಡೆಯ ಕ್ರಮದಲ್ಲಿ ಹೋಗಬೇಡ, ಮೊದಲನೇದು ಉದ್ದ ಇದೆ, ಅಲ್ಲೇ ಸುಸ್ತಾಗುತ್ತೀಯ. ಈಗ ಕೇಳುತ್ತಿರುವುದು ಆಯಿತು. ಮುಂದೆ 1975ರ ಲೈವ್. ಆಮೇಲೆ 'ಕೆ.ಎ'. ಆಮೇಲೆ 'ಡೆ ಫುತುರಾ'. ಇಷ್ಟಾದ ಮೇಲೆ 1970ರದ್ದಕ್ಕೆ ಹೋಗು, ಆಗ ಅಲ್ಲಿ ಯಾವುದು ಮೊಳಕೆ ಅಂತ ಕಾಣಿಸುತ್ತದೆ. ಗೌರಿಬಿದನೂರಿನವರು ಹೇಳಿದ 'ಅಟಾಕ್' ನನಗೂ ಇಷ್ಟ, ಆದರೆ ಅದನ್ನ ಮೊದಲು ಕೇಳಿದರೆ ಮಾಗ್ಮಾ ಅಂದರೆ ಅಷ್ಟೇ ಅಂದುಕೊಂಡುಬಿಡುವ ಅಪಾಯ ಇದೆ.

ಕ್ಯಾತ್ಸಂದ್ರ ಲೋಕಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಚಿಂತಾಮಣಿಯವರೇ, ನೀವು ಹೇಳಿದ ಹಾಗೆ ಬಾಸ್ ಹಿಡಿದು ಎಣಿಸಿದೆ. ಎರಡು ದಿನ ಅಲ್ಲ, ಐದು ದಿನ ಬೇಕಾಯಿತು. ನನ್ನ ಕೈ ತಪ್ಪುತ್ತಿದ್ದ ಜಾಗದಲ್ಲಿ ತಕಧಿಮಿ ತಕಿಟ ಕೂತಿತು. ಸೋಮವಾರ ಡಾಬಸ್‌ಪೇಟೆ ಸ್ಟೇಷನ್ನಿನಲ್ಲಿ ಗಾಡಿ ನಿಂತಿದ್ದಾಗ ಮೊದಲ ಸಲ ಒಂದೂ ತಪ್ಪದೆ ಸುತ್ತು ಮುಗಿಯಿತು. ಕಣ್ಣು ತುಂಬಿ ಬಂತು, ಯಾಕೆ ಅಂತ ಹೇಳೋಕೆ ಬರುವುದಿಲ್ಲ.

ಭಾನುವಾರ ಭಾವನ ಮನೆಯ ಸ್ಪೀಕರ್ ತಂದು ಮನೆಯಲ್ಲೇ 1975ರ ಲೈವ್ ಹಾಕಿದೆ. ಕ್ಯಾಸೆಟ್ ಅಣ್ಣಾ, ನಿಮ್ಮ ಕ್ಯಾಸೆಟ್ ಎಲ್ಲಿ ಕಟ್ ಆಗುತ್ತಿತ್ತು ಅಂತ ಊಹೆ ಮಾಡುತ್ತಾ ಕೇಳಿದೆ. ಕೋರಸ್ ಬರುವಾಗ ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಬೈತಾರೆ ಅಂದುಕೊಂಡೆ. 'ಯಾವ ದೇವರ ಭಜನೆನೋ ಅದು?' ಅಂದರು. ಗೊತ್ತಿಲ್ಲಮ್ಮ, ಫ್ರಾನ್ಸಿನವರು ಅಂದೆ. ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದರು, ಆಮೇಲೆ ಸಾರು ಉಕ್ಕಿತು ಅಂತ ಓಡಿದರು.

ಅವರಿಗೆ ಕೇಳಿಸೋಕೆ ಮೆತ್ತಗಿರುವುದು ಯಾವುದಾದರೂ ಇದ್ದರೆ ಹೇಳಿ.

ಗುಬ್ಬಿ ಮೇಷ್ಟ್ರಮ್ಮ:

2012ರ 'ಫೆಲಿಸಿತೇ ತೋಸ್' ಹಾಕಿ. ಅರ್ಧ ಗಂಟೆ ಚಿಲ್ಲರೆ ಇದೆ, ಹೆಚ್ಚಾಗಿ ಹೆಂಗಸರ ದನಿ, ಪಿಯಾನೋ. ಸಾರು ಇಳಿಸಿದ ಮೇಲೆ ಹಾಕಿ.